ಅಳತೆ ಬೇಕಿರೋದು ಗುರಿಗಲ್ಲ, ಕೈಗೆ

ಹಾಸ್ಟೆಲ್‌ನಲ್ಲಿ ಲಾಂಗ್ ರೇಂಜ್ ಶೂಟಿಂಗ್ ವಿಡಿಯೋ ನೋಡೋ ಹುಚ್ಚು ಶುರುವಾಗಿ ಒಂದು ಸೆಮಿಸ್ಟರ್ ಆಯ್ತು. ಅಮೆರಿಕದ ಗುರಿಕಾರರು ಅಂಗಡಿ ಗುಂಡು ನಂಬದೆ, ಮನೆಯಲ್ಲೇ ಕೂತು ಕಾಡತೂಸು ತುಂಬಿಕೊಳ್ಳುತ್ತಾರೆ. ಮದ್ದನ್ನು ಒಂದು ಗ್ರೇನಿನ ಹತ್ತನೇ ಒಂದು ಭಾಗದ ತನಕ ತೂಗುತ್ತಾರೆ. ಒಂದು ಗ್ರೇನ್ ಅಂದರೆ ಸುಮಾರು 65 ಮಿಲಿಗ್ರಾಂ ಅಷ್ಟೇ. ಇದನ್ನು ನೋಡಿದ ಕೆಲವರು, 'ನಮ್ಮೂರ ನಾಡಬಂದೂಕನ್ನೂ ಹಿಂಗೇ ತೂಗಿ ತುಂಬಿದ್ರೆ ಒಂದು ಹಂದೀನೂ ತಪ್ಪಿಸ್ಕೊಳ್ಳಲ್ಲ' ಅಂತಾರೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದಿಂದ ಬಂದಿರೋ ನಮಗೆ ತೂಗಬೇಕು ಅನ್ನೋದು ಒಪ್ಪಿಗೆ, ಅದಕ್ಕೆ ಅವರು ಕೊಡೋ ಕಾರಣ ಒಪ್ಪಿಗೆ ಇಲ್ಲ.

ಫಸ್ಟ್ ಇಯರ್ ಫಿಸಿಕ್ಸ್ ಸಾಕು. ಸೆಕೆಂಡಿಗೆ 800 ಮೀಟರ್ ವೇಗದ ಗುಂಡು 800 ಮೀಟರ್ ದೂರಕ್ಕೆ ಹೋಗುವಷ್ಟರಲ್ಲಿ, ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದರೂ, 4.9 ಮೀಟರ್ ಕೆಳಗೆ ಬೀಳುತ್ತದೆ. ವೇಗ ಶೇ. 1 ಕಡಿಮೆಯಾದರೆ ಇನ್ನೂ 10 ಸೆಂಟಿಮೀಟರ್ ಕೆಳಗೆ. ಅದಕ್ಕೇ ಅವರು ತೂಗೋದು. ಜೋರು ಬೇಕು ಅಂತಲ್ಲ, ಪ್ರತಿಸಲ ಒಂದೇ ಥರ ಇರಲಿ ಅಂತ. ಅದೇ ಗುಂಡನ್ನು 50 ಮೀಟರಿಗೆ ಹೊಡೆದರೆ ಆ ವ್ಯತ್ಯಾಸ ಅರ್ಧ ಮಿಲಿಮೀಟರೂ ಇಲ್ಲ.

ನಮ್ಮ ಕಡೆ ಕಡ್ಲೆಕಾಯಿ ಹೊಲ ಕಾಯೋ ಬಂದೂಕಿನ ವ್ಯವಹಾರ ಈ 50 ಮೀಟರಿನ ಒಳಗಿನದ್ದು. ಅದರ ನಳಿಗೆಯಲ್ಲಿ ರೈಫಲಿನಂತೆ ತಿರುಪಿನ ಗೆರೆಗಳಿಲ್ಲ, ಎಷ್ಟು ತೂಗಿದರೂ ಅದು ರೈಫಲ್ ಆಗಲ್ಲ. ಆಗಬೇಕಾಗಿಯೂ ಇಲ್ಲ. ಕತ್ತಲಲ್ಲಿ ದೂರಕ್ಕೆ ಹೊಡೆದರೆ ಏನಕ್ಕೆ ಬೀಳುತ್ತೋ ಯಾರಿಗೆ ಗೊತ್ತು. ಮಧುಗಿರಿಯ ಮೈದನಹಳ್ಳಿ ಸುತ್ತ ಕೃಷ್ಣಮೃಗಗಳೂ ಮೇಯುತ್ತವೆ. ಹಂದಿ ಹೊಡೆಯೋದಕ್ಕೂ ವನ್ಯಜೀವಿ ಕಾಯ್ದೆ ಪ್ರಕಾರ ಅನುಮತಿ ಬೇಕು. ಹೊಲ ಕಾಯೋನಿಗೆ ಬೇಕಿರೋದು ಸದ್ದು, ಹಂದಿ ಆಚೆ ಹೋದರೆ ಸಾಕು.

ಹಾಗಾದರೆ ಅಳತೆ ಯಾಕೆ? ಬಂದೂಕು ಹಿಡಿದ ಕೈಗೋಸ್ಕರ. ಬಾಯಿಂದ ಮದ್ದು ಸುರಿದು ಕಡ್ಡಿಯಲ್ಲಿ ಜಡಿಯೋ ಬಂದೂಕಿನಲ್ಲಿ ಪ್ರತಿ ಈಡೂ ಹ್ಯಾಂಡ್‌ಲೋಡಿಂಗೇ. ಮಳೆಗಾಲದ ರಾತ್ರಿ, ನಿದ್ದೆಗಣ್ಣು, ಟಾರ್ಚಿನ ಬೆಳಕು. (2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇರೋ ಪಾವಗಡದಲ್ಲೂ ಟಾರ್ಚೇ.) ಮದ್ದು ಥಂಡಿ ಹಿಡಿದು ಹತ್ತಿಕೊಳ್ಳಲಿಲ್ಲ ಅಂತಿಟ್ಕೊಳ್ಳಿ. ಮೊದಲ ಈಡು ಒಳಗೇ ಇದೆ ಅನ್ನೋದು ಮರೆತು ಅದರ ಮೇಲೆ ಇನ್ನೊಂದು ತುಂಬಿದರೆ ನಳಿಗೆ ಸೀಳುತ್ತದೆ. ಕರಿಮದ್ದಿನ ಜಾಗಕ್ಕೆ ಈಗಿನ ಕಾಡತೂಸಿನ ಹೊಗೆರಹಿತ ಮದ್ದು ಹಾಕಿದರಂತೂ ಇನ್ನೂ ಅಪಾಯ, ಅದರ ಒತ್ತಡಕ್ಕೆ ಆ ನಳಿಗೆ ಮಾಡಿದ್ದೇ ಅಲ್ಲ. ಆಗ ಹೋಗೋದು ಹಂದಿಯಲ್ಲ, ಬೆರಳು, ಕಣ್ಣು.

1959ರ ಆಯುಧ ಕಾಯ್ದೆಯ 13ನೇ ಕಲಮಿನಲ್ಲಿ, ಬೆಳೆ ರಕ್ಷಣೆಗೆ ಬಾಯಿಂದ ಮದ್ದು ತುಂಬುವ ಬಂದೂಕಿಗೆ ಲೈಸೆನ್ಸ್ ಕೊಡೋ ಮಾತು ಹೆಸರು ಹಿಡಿದೇ ಇದೆ. ಕಾನೂನೇ ಒಪ್ಪಿದ ಬಂದೂಕು ಅಂದಮೇಲೆ ಅದನ್ನು ತುಂಬೋ ರೀತಿ ಹೇಳಿಕೊಡೋದೂ ಲೈಸೆನ್ಸ್ ಕೊಡೋರ ಕೆಲಸ ಅಂತ ನಮ್ಮ ವಾದ. ಇದೇ ಕಾಯ್ದೆಯ 5ನೇ ಕಲಂ ಪ್ರಕಾರ ಲೈಸೆನ್ಸ್ ಇಲ್ಲದೆ ಗುಂಡು ತಯಾರಿಸೋದು ಅಪರಾಧ; ವಿಡಿಯೋ ನೋಡಿ ರೂಮಿನಲ್ಲಿ ಕಾಡತೂಸು ತುಂಬೋ ಕನಸು ಕಾಣೋರು ಇದನ್ನೂ ಓದಿಕೊಳ್ಳಿ.

ಬಂದೂಕೇ ಬೇಡ, ಸೋಲಾರ್ ಬೇಲಿ ಹಾಕ್ಸಿ ಅನ್ನೋರಿದ್ದಾರೆ. ಹಾಕಿಸಲಿ, ಬೇಡ ಅಂದೋರ್ಯಾರು? ಬೇಲಿ ಬರೋ ತನಕ ರಾತ್ರಿ ಕಾಯಲೇಬೇಕಲ್ಲ. ಅಲ್ಲಿ ತನಕ ನಾವು ಕೇಳೋದು ಇಷ್ಟು: ಲೈಸೆನ್ಸ್ ನವೀಕರಣದ ದಿನ ಸೀಲು ಹೊಡೆದು ಕಳಿಸೋ ಮುಂಚೆ ಅರ್ಧ ಗಂಟೆ ತೋರಿಸಿಕೊಡಿ. ಮದ್ದಿಗೆ ಬಂದೂಕಿಗೆ ಒಪ್ಪುವ ಒಂದೇ ಅಳತೆಯ ಡಬ್ಬಿ. ಜಡಿಯೋ ಕಡ್ಡಿ ಮೇಲೆ ಎರಡು ಗೆರೆ, ಖಾಲಿ ನಳಿಗೆಗೆ ಒಂದು, ತುಂಬಿದ ನಳಿಗೆಗೆ ಒಂದು. ಕಡ್ಡಿ ಇಳಿಸಿ ಬೆರಳಲ್ಲಿ ಆ ಗೆರೆ ಮುಟ್ಟಿ ನೋಡಿದರೆ, ಒಳಗೆ ಈಡಿದೆಯೋ ಇಲ್ಲವೋ ಕತ್ತಲಲ್ಲೂ ಗೊತ್ತಾಗುತ್ತದೆ. ಗೆರೆ ಕೊರೆಯೋಕೆ ಒಂದು ಅರ ಸಾಕು.