"ಓಎಸ್‌ಟಿ ಯಾವಾಗ ಸಾರ್?" ಅಂತ ಕೇಳೋ ಮುಂಚೆ

ಭಾಗ 1/7

ಮೊನ್ನೆ ರಾತ್ರಿ ನಮ್ಮ ಕ್ಲಾಸ್ ಗ್ರೂಪಲ್ಲಿ ಒಂದೂವರೆ ಗಂಟೆವರೆಗೂ ಒಂದೇ ಮಾತು. ಯಾವ ಸಿನಿಮಾದ ಓಎಸ್‌ಟಿ ಮೊದಲು ಬರುತ್ತೆ, ಎಷ್ಟು ಟ್ರ್ಯಾಕ್ ಇರುತ್ತೆ, ಇಂಟರ್ವಲ್ ಹತ್ತಿರ ಬರೋ ಆ ಮ್ಯೂಸಿಕ್ ಅದರಲ್ಲಿ ಇರುತ್ತಾ ಇಲ್ವಾ. ಬೆಳಗ್ಗೆ ಕಾಸ್ಟ್ ಅಕೌಂಟಿಂಗ್ ಇಂಟರ್ನಲ್ಸ್ ಇತ್ತು. ಅದರ ಚಿಂತೆ ಯಾರಿಗೂ ಇರಲಿಲ್ಲ, ನನಗೂ ಇರಲಿಲ್ಲ.

ಅಷ್ಟರಲ್ಲಿ ಒಬ್ಬ ಲಿಂಕ್ ಹಾಕಿದ. "ಓಎಸ್‌ಟಿ ಗೀಎಸ್‌ಟಿ ಅಂತ ಯಾಕ್ರೋ ಕಾಯ್ತೀರ? ಫುಲ್ ಬಿಜಿಎಂ ರಿಪ್ ಮಾಡಿದೀನಿ, ತಗೊಳ್ಳಿ." ಎರಡು ನಿಮಿಷದಲ್ಲಿ ಗ್ರೂಪ್ ತುಂಬ ಬೆಂಕಿ ಇಮೋಜಿ. "ದೇವ್ರು ಗುರು ನೀನು" ಅಂತ ಒಬ್ಬಳು.

ನಾನು "ಇದು ಸರಿಯಿಲ್ಲ ಕಣ್ರೋ" ಅಂದೆ. "ಬಂದ್ಳಪ್ಪ ಲಾಯರಮ್ಮ" ಅಂದ್ರು. ನಕ್ಕು ಸುಮ್ಮನಾದೆ. ಆದ್ರೆ ನಿದ್ದೆ ಬರಲಿಲ್ಲ.

ಗ್ರೂಪಲ್ಲಿ ಟೈಪ್ ಮಾಡೋಕಾಗದೇ ಇದ್ದದ್ದನ್ನ ಇಲ್ಲಿ ಏಳು ಪೋಸ್ಟಲ್ಲಿ ಬರೀತಿದೀನಿ. ಉದ್ದ ಇದೆ, ಗೊತ್ತು. ರೀಲ್ಸ್ ನೋಡೋ ಟೈಮಲ್ಲಿ ಹತ್ತು ನಿಮಿಷ ಕೊಡಿ ಸಾಕು. ಬೈಬೇಕು ಅನಿಸಿದ್ರೆ ಏಳನೇದು ಓದಿ ಆಮೇಲೆ ಬೈಯಿರಿ.

ನನ್ನ ಮಾತು ಇಷ್ಟೇ: ಹಿನ್ನೆಲೆ ಸಂಗೀತದ ಆಲ್ಬಮ್ ಬರದೇ ಇರೋದಕ್ಕೆ ಕಂಪನಿಗಳು ಎಷ್ಟು ಕಾರಣವೋ, ಅಭಿಮಾನಿಗಳು ಅಂತ ಹೇಳ್ಕೊಳ್ಳೋ ನಾವೂ ಅಷ್ಟೇ ಕಾರಣ. ಮತ್ತೆ ಅದರಲ್ಲಿ ಕಳೆದುಹೋಗೋದು ಬರೀ ಮ್ಯೂಸಿಕ್ ಅಲ್ಲ.

ಭಾಗ 2/7

ಮೊದಲು ಒಂದು ವಿಷಯ ಕ್ಲಿಯರ್ ಮಾಡ್ಕೊಳ್ಳೋಣ. ಹಾಡುಗಳ ಆಲ್ಬಮ್ ಬೇರೆ, ಹಿನ್ನೆಲೆ ಸಂಗೀತದ ಆಲ್ಬಮ್ ಬೇರೆ. ನಾವು ಓಎಸ್‌ಟಿ ಓಎಸ್‌ಟಿ ಅಂತ ಬಡ್ಕೊಳ್ಳೋದು ಎರಡನೇದಕ್ಕೆ.

ಎರಡೂ ಬೇರೆ ಬೇರೆ ಕೆಲಸ ಅಂತ ಪ್ರಶಸ್ತಿ ಕೊಡೋರಿಗೂ ಗೊತ್ತು. 2009ರಲ್ಲಿ ಎ.ಆರ್. ರೆಹಮಾನ್ ‘ಸ್ಲಂಡಾಗ್ ಮಿಲಿಯನೇರ್’ಗೆ ಎರಡು ಆಸ್ಕರ್ ತಗೊಂಡ್ರು. ಒಂದು ‘ಜೈ ಹೋ’ ಹಾಡಿಗೆ, ಇನ್ನೊಂದು ಹಿನ್ನೆಲೆ ಸಂಗೀತಕ್ಕೆ. ನಮ್ಮ ರಾಷ್ಟ್ರಪ್ರಶಸ್ತಿಯಲ್ಲೂ 2009ರ ಚಿತ್ರಗಳಿಂದ ಹಿನ್ನೆಲೆ ಸಂಗೀತಕ್ಕೆ ಪ್ರತ್ಯೇಕ ಪ್ರಶಸ್ತಿ ಇದೆ. ಆ ವರ್ಷ ಅದು ಬಂದದ್ದು ಮಲಯಾಳಂನ ‘ಪಳಸ್ಸಿ ರಾಜ’ಕ್ಕೆ, ಇಳಯರಾಜ ಅವರಿಗೆ. ‘ಜೈ ಹೋ’ ನಿಮಗೆಲ್ಲ ಬಾಯಿಪಾಠ. ಇನ್ನೊಂದು ಆಸ್ಕರ್ ತಂದ ಸಂಗೀತದಲ್ಲಿ ಒಂದು ತುಣುಕು ಗುನುಗಿ ನೋಡೋಣ?

ಹಾಡು ಯಾಕೆ ಬೇಗ ಬರುತ್ತೆ, ಬಿಜಿಎಂ ಯಾಕೆ ಬರಲ್ಲ? ಹಾಡು ಅಂದ್ರೆ ಸಿನಿಮಾಕ್ಕೆ ಜಾಹೀರಾತು. ರಿಲೀಸ್‌ಗೆ ಮೊದಲೇ ಬಿಟ್ಟು, ರೀಲ್ಸ್ ಮಾಡಿಸಿ, ಜನರನ್ನ ಥಿಯೇಟರ್‌ಗೆ ಕರೆಸ್ಬೇಕು. ಬಿಜಿಎಂ ಹಾಗಲ್ಲ. ಎಡಿಟಿಂಗ್ ಮುಗಿದು, ಯಾವ ದೃಶ್ಯ ಎಷ್ಟು ಸೆಕೆಂಡ್ ಅಂತ ಗಟ್ಟಿಯಾದ ಮೇಲೇ ಅದರ ಅಸಲಿ ಕೆಲಸ ಶುರು. ಎಲ್ಲರಿಗಿಂತ ಕೊನೆಗೆ ಕೂತು, ಎಲ್ಲರಿಗಿಂತ ಕಮ್ಮಿ ಟೈಮಲ್ಲಿ ಮುಗಿಸೋ ಕೆಲಸ. ಅದು ಆಲ್ಬಮ್ ಆಗೋ ಹೊತ್ತಿಗೆ ಸಿನಿಮಾ ಥಿಯೇಟರ್ ಬಿಟ್ಟಿರುತ್ತೆ, ಪ್ರಚಾರದ ದುಡ್ಡು ಖಾಲಿ, ಎಲ್ಲರೂ ಮುಂದಿನ ಸಿನಿಮಾಕ್ಕೆ ಹೋಗಿರ್ತಾರೆ.

ಜಾಹೀರಾತಿಗೆ ಬರದೇ ಇರೋ ಸಂಗೀತಕ್ಕೆ ಬೆಲೆ ಇಲ್ಲ ಅನ್ನೋದು ಲೆಕ್ಕಾಚಾರ. ನನ್ನ ಮೊದಲ ಜಗಳ ಇದರ ಜೊತೆ.

ಭಾಗ 3/7

ಕಂಪನಿ ಕಡೆಯವರ ಮಾತನ್ನೂ ಕೇಳೋಣ. ಅದರಲ್ಲಿ ಸತ್ಯ ಇದೆ.

ಒಂದು, ಥಿಯೇಟರ್‌ಗೆ ಮಿಕ್ಸ್ ಮಾಡಿದ್ದನ್ನ ಹಾಗೇ ತಂದು ಆ್ಯಪಿಗೆ ಹಾಕೋಕಾಗಲ್ಲ. ಅಲ್ಲಿ ನಾಲ್ಕೂ ಕಡೆ ಸ್ಪೀಕರ್, ಇಲ್ಲಿ ನಿಮ್ಮ ಎರಡು ಇಯರ್‌ಫೋನ್. ಮತ್ತೆ ಮಿಕ್ಸ್, ಮತ್ತೆ ಮಾಸ್ಟರಿಂಗ್. ಎರಡು, ಎಷ್ಟೋ ತುಣುಕು ಇಪ್ಪತ್ತು ಸೆಕೆಂಡ್ ಇರುತ್ತೆ, ಜೋಡಿಸಿ ಟ್ರ್ಯಾಕ್ ಮಾಡ್ಬೇಕು. ಮೂರು, ಹಕ್ಕು ಯಾರ ಹತ್ತಿರ ಇದೆ ಅನ್ನೋದು. ಆಡಿಯೋ ಕಂಪನಿಗೆ ಬರೀ ಹಾಡು ಕೊಟ್ಟಿದ್ರೆ ಬಿಜಿಎಂ ನಿರ್ಮಾಪಕರ ಹತ್ತಿರವೇ ಉಳಿದಿರುತ್ತೆ, ಅವರಿಗೆ ಅದರ ನೆನಪೂ ಇರಲ್ಲ.

ಒಪ್ಪಿದೆ. ಈಗ ನಮ್ಮ ಸಿಲಬಸ್ ತೆಗೀರಿ. ಸ್ಟುಡಿಯೋ ಬಾಡಿಗೆ, ವಾದ್ಯದವರ ಸಂಭಾವನೆ, ಪ್ರೋಗ್ರಾಮಿಂಗ್, ರೆಕಾರ್ಡಿಂಗ್, ಇದೆಲ್ಲ ಸಿನಿಮಾದ ಲೆಕ್ಕದಲ್ಲಿ ಖರ್ಚಾಗಿ ಹೋಗಿದೆ. ಇದನ್ನೇ ಅಲ್ವಾ ಸಂಕ್ ಕಾಸ್ಟ್ ಅಂತ ಮೇಡಂ ಬೋರ್ಡ್ ಮೇಲೆ ಬರೆದು ಎರಡು ಸಲ ಗೆರೆ ಎಳೆದಿದ್ದು? ಇನ್ನು ಉಳಿಯೋದು ಮಿಕ್ಸಿಂಗ್ ಮತ್ತೆ ಅಪ್‌ಲೋಡ್ ಖರ್ಚು. ಸಿಡಿ ಪ್ರಿಂಟ್ ಹಾಕ್ಸೋದಿಲ್ಲ, ಗೋಡೌನ್ ಬೇಕಿಲ್ಲ, ಅಂಗಡಿಯವನಿಗೆ ಕಮಿಷನ್ ಇಲ್ಲ. ಇಡೀ ಸಿನಿಮಾದ ಬಜೆಟ್ ಮುಂದೆ ಇದೊಂದು ಚಿಲ್ಲರೆ.

ಹಾಗಾದ್ರೆ ತೊಂದರೆ ದುಡ್ಡಿಂದಲ್ಲ, ಅಸಡ್ಡೆದು. "ಯಾರು ಕೇಳ್ತಾರೆ ಬಿಡ್ರಿ" ಅನ್ನೋದು. ಶ್ರಮ ಪಟ್ಟು ಓಎಸ್‌ಟಿ ಬಿಟ್ಟಿರೋ ತಂಡಗಳೂ ಇವೆ, ಅವರಿಗೆ ಕೈ ಮುಗೀತೀನಿ. ಆದ್ರೆ "ಕಮಿಂಗ್ ಸೂನ್" ಅಂತ ಪೋಸ್ಟರ್ ಹಾಕಿ, ನಮ್ಮ ಹತ್ತಿರ ಶೇರ್ ಮಾಡಿಸ್ಕೊಂಡು, ಆಮೇಲೆ ನಾಪತ್ತೆ ಆಗೋರು ಇದಾರಲ್ಲ, ಅವರ ಬಗ್ಗೆನೇ ಮುಂದಿನ ಪೋಸ್ಟ್.

ಭಾಗ 4/7

ಈ ಫೋಟೋದಲ್ಲಿ ಇರೋದು ನಮ್ಮ ಸೋದರಮಾವನ ಕೈ ಮತ್ತೆ ಅವರ ನಾದಸ್ವರ. ಮುಖ ಹಾಕ್ಬೇಡ ಅಂದ್ರು.

ತುಮಕೂರು ಕಡೆಯವರಿಗೆ ಗೊತ್ತಿರುತ್ತೆ, ನಮ್ಮಲ್ಲಿ ಮದುವೆ ಅಂದ್ರೆ ವಾಲಗ ಇರಲೇಬೇಕು. ಮಾವ ಹದಿನಾಲ್ಕನೇ ವಯಸ್ಸಿಂದ ಊದ್ತಿದಾರೆ. ಕೆಲವು ವರ್ಷದ ಹಿಂದೆ ಒಂದಿನ ಬೆಂಗಳೂರಿಂದ ಫೋನ್ ಬಂತು, ಒಂದು ಸಿನಿಮಾದ ಹಿನ್ನೆಲೆ ಸಂಗೀತಕ್ಕೆ ನಾದಸ್ವರ ಬೇಕು ಅಂತ. ಬೆಳಗ್ಗೆ ಐದರ ಬಸ್ಸಿಗೆ ಹೋದ್ರು. ಗಾಜಿನ ರೂಮಲ್ಲಿ ಕೂರಿಸಿ ಕಿವಿಗೆ ಹೆಡ್‌ಫೋನ್ ಹಾಕಿದ್ರಂತೆ. "ಶ್ರುತಿ ಕಿವಿಯೊಳಗೇ ಬರುತ್ತೆ ಕಣಮ್ಮ, ಪಕ್ಕದಲ್ಲಿ ಡೋಲಿನವನೇ ಇಲ್ಲ, ಒಬ್ಬನೇ ಊದಿದಂಗಿತ್ತು" ಅಂತ ಇವತ್ತಿಗೂ ಹೇಳ್ತಾರೆ. ಮೂರು ಗಂಟೆ ಊದಿದ್ರು. ಕವರಲ್ಲಿ ದುಡ್ಡು ಕೊಟ್ರು. ಒಳ್ಳೇ ದುಡ್ಡೇ, ಮಾವನಿಗೆ ಆ ಬಗ್ಗೆ ದೂರಿಲ್ಲ.

ಸಿನಿಮಾ ಬಂದಾಗ ಮನೆಮಂದಿಯೆಲ್ಲ ಹೋದ್ವಿ. ಮೂರು ಗಂಟೆ ಊದಿದ್ದು ಪರದೆ ಮೇಲೆ ಬಂದದ್ದು ಒಂದು ನಿಮಿಷವೂ ಇಲ್ಲ. ಅದರ ಮೇಲೆ ಹೀರೋ ಡೈಲಾಗ್, ಡೈಲಾಗ್ ಮೇಲೆ ನಮ್ಮ ಹುಡುಗರ ಶಿಳ್ಳೆ. ಕೊನೆಗೆ ಹೆಸರು ಓಡುವಾಗ ಅತ್ತೆ ಎದ್ದು ನಿಂತು ಹುಡುಕಿದ್ರು. ಲೈಟ್ ಹಾಕಿಬಿಟ್ರು. ಆಮೇಲೆ ನಾನೇ ಪಾಸ್ ಮಾಡಿ ಮಾಡಿ ನೋಡಿದೆ. ಮಾವನ ಹೆಸರು ಇಲ್ಲ.

ಓಎಸ್‌ಟಿ ಕಮಿಂಗ್ ಸೂನ್ ಅಂತ ಪೋಸ್ಟರ್ ಬಂದಾಗ ಮಾವ ನನ್ನ ಕೇಳಿದ್ರು, "ಅದ್ರಲ್ಲಿ ನಂದೊಂದೇ ಕೇಳುತ್ತೇನಮ್ಮ?" ಕೇಳುತ್ತೆ ಮಾವ ಅಂದೆ. ಅದು ಇವತ್ತಿನವರೆಗೂ ಬಂದಿಲ್ಲ.

ಭಾಗ 5/7

ಈಗ ಮಾವನ ಫೋನಲ್ಲಿ ಇರೋದು ಒಂದು ರಿಪ್. ಡೈಲಾಗ್, ಶಿಳ್ಳೆ ಎಲ್ಲ ಸೇರಿ. ಮದುವೆ ಮನೆಗಳಲ್ಲಿ ಊಟ ಆದ್ಮೇಲೆ ಯಾರಿಗಾದ್ರೂ ಕೇಳಿಸ್ತಾರೆ, "ಇದು ನಾನೇ ಊದಿದ್ದು." "ಹೌದಾ ಸ್ವಾಮಿ" ಅಂತ ಎಲೆ ಅಡಿಕೆ ಹಾಕ್ಕೊಂಡು ಎದ್ದು ಹೋಗ್ತಾರೆ. ನಂಬಲ್ಲ. ನಂಬೋಕೆ ಏನು ದಾಖಲೆ ಇದೆ?

ಆ ರಿಪ್ ಹುಡುಕಿ ಅವರ ಫೋನಿಗೆ ಹಾಕ್ಕೊಟ್ಟವಳು ನಾನೇ. ಅದಕ್ಕೇ ಈ ಮಾತು ಹೇಳೋ ಹಕ್ಕೂ ನನಗಿದೆ, ನಾಚಿಕೆಯೂ ನನಗಿದೆ.

ಬಿಕಾಂ ಮೊದಲ ತಿಂಗಳು ಏನು ಕಲಿತ್ವಿ? ಲೆಡ್ಜರ್‌ನಲ್ಲಿ ಎಂಟ್ರಿ ಇಲ್ಲ ಅಂದ್ರೆ ಆ ವ್ಯವಹಾರ ನಡೆದೇ ಇಲ್ಲ. ಸಂಗೀತಕ್ಕೂ ಒಂದು ಲೆಡ್ಜರ್ ಇದೆ. ಅಧಿಕೃತವಾಗಿ ಬರೋ ಪ್ರತಿ ರೆಕಾರ್ಡಿಂಗ್‌ಗೆ ಐಎಸ್‌ಆರ್‌ಸಿ ಅಂತ ಹನ್ನೆರಡು ಅಕ್ಷರ-ಅಂಕಿಗಳ ಒಂದು ಕೋಡ್ ಕೊಡ್ತಾರೆ. ಯಾರು ಮಾಡಿದ್ದು, ಎಷ್ಟು ಸಲ ಪ್ಲೇ ಆಯ್ತು, ಯಾರಿಗೆ ಎಷ್ಟು ಹೋಗ್ಬೇಕು ಅನ್ನೋದನ್ನ ಆ ಕೋಡ್ ಹಿಡಿದು ಲೆಕ್ಕ ಹಾಕ್ಬಹುದು. 2012ರಲ್ಲಿ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿ ಆಯ್ತು. ಸಿನಿಮಾ ಥಿಯೇಟರ್‌ನಲ್ಲಿ ಓಡೋದು ಬಿಟ್ಟು ಬೇರೆ ಕಡೆ ತಮ್ಮ ಸಂಗೀತ ಬಳಕೆ ಆದ್ರೆ ಸಂಯೋಜಕರಿಗೆ ರಾಯಲ್ಟಿಯಲ್ಲಿ ಪಾಲು ಸಿಗ್ಬೇಕು, ಆ ಹಕ್ಕನ್ನ ಕಂಪನಿಗೆ ಬರೆದುಕೊಡೋ ಹಾಗೂ ಇಲ್ಲ ಅಂತ ಬಂತು. ನುಡಿಸಿದವರ ಪ್ರದರ್ಶನ ವಾಣಿಜ್ಯವಾಗಿ ಬಳಕೆ ಆದ್ರೆ ಅವರಿಗೂ ರಾಯಲ್ಟಿ ಅನ್ನೋ ಮಾತು ಅದೇ ತಿದ್ದುಪಡಿಯಲ್ಲಿದೆ.

ಕಾಗದದ ಮೇಲೆ ಚೆನ್ನಾಗಿದೆ. ಆದ್ರೆ ಆಲ್ಬಮ್ಮೇ ಬರದೇ ಇದ್ರೆ, ಹೆಸರೇ ಬರೆಯದೇ ಇದ್ರೆ, ಯಾವ ಲೆಕ್ಕಕ್ಕೆ ರಾಯಲ್ಟಿ ಕೇಳೋದು? ನಮ್ಮ ರಿಪ್‌ನಲ್ಲಿ ಕೋಡೂ ಇಲ್ಲ, ಹೆಸರೂ ಇಲ್ಲ. ಅಪ್‌ಲೋಡ್ ಮಾಡಿದವನ ವಾಟರ್‌ಮಾರ್ಕ್ ಮಾತ್ರ ಇದೆ.

ಭಾಗ 6/7

"ಲಾಯರಮ್ಮ, ಅಧಿಕೃತ ಬರೋವರೆಗೆ ಏನ್ ಮಾಡೋದು?" ಅಂತೀರ. ನ್ಯಾಯವಾದ ಪ್ರಶ್ನೆ. ಎರಡು ಉದಾಹರಣೆ ಕೊಡ್ತೀನಿ.

‘ಇಂಟರ್‌ಸ್ಟೆಲ್ಲರ್’, 2014. ತಿರುಗ್ತಿರೋ ನೌಕೆಗೆ ಇನ್ನೊಂದು ನೌಕೆ ಜೋಡಿಸೋ ದೃಶ್ಯ ನಿಮಗೆಲ್ಲ ಗೊತ್ತು, ಅದಕ್ಕೆ ಹಾನ್ಸ್ ಝಿಮ್ಮರ್ ಕೊಟ್ಟ ಆರ್ಗನ್ ಸಂಗೀತವೂ ಗೊತ್ತು. ಹದಿನಾರು ಟ್ರ್ಯಾಕಿನ ಮೂಲ ಆಲ್ಬಮ್‌ನಲ್ಲಿ ಅದೇ ಇರಲಿಲ್ಲ! ಆ ಟ್ರ್ಯಾಕ್ ಎಲ್ಲಿ ಎಲ್ಲಿ ಅಂತ ಅಭಿಮಾನಿಗಳು ಹೆಸರು ಹಿಡಿದು ಕೇಳ್ತಾನೇ ಇದ್ರು. 2020ರಲ್ಲಿ ಬಂದ ವಿಸ್ತೃತ ಆಲ್ಬಮ್‌ನಲ್ಲಿ ಅದು ಸರಿಯಾಗಿ ಸೇರಿದೆ. ಅವರು "ಓಎಸ್‌ಟಿ ಯಾವಾಗ ಸಾರ್" ಅಂತ ಬೆಂಕಿ ಇಮೋಜಿ ಹಾಕಿ ಸುಮ್ಮನಾಗಿರಲಿಲ್ಲ.

ಇನ್ನೊಂದು ನಮ್ಮದೇ. ‘ಪಲ್ಲವಿ ಅನುಪಲ್ಲವಿ’, 1983, ಮಣಿರತ್ನಂ ಅವರ ಮೊದಲ ಸಿನಿಮಾ, ಕನ್ನಡದ್ದು, ಇಳಯರಾಜ ಸಂಗೀತ. ಅದರ ಒಂದು ರಾಗವನ್ನ ಎಷ್ಟೋ ವರ್ಷ ಆದ್ಮೇಲೆ ಐಡಿಯಾ ಮೊಬೈಲ್‌ನವರು ಜಾಹೀರಾತಿಗೆ ಬಳಸಿದ್ರು. ದೇಶದ ತುಂಬ ಜನ ಅದನ್ನ ಮೊಬೈಲ್ ಟ್ಯೂನ್ ಅಂತ ಗುರುತಿಸಿದ್ರು, ಕನ್ನಡ ಸಿನಿಮಾದ ಸಂಗೀತ ಅಂತ ಅಲ್ಲ. ನಮ್ಮ ಮನೆಯಲ್ಲೂ ಅಷ್ಟೇ. ಇಳಯರಾಜರಂಥವರ ಸಂಗೀತಕ್ಕೇ ಹೀಗೆ ಊರು ಹೆಸರು ಮರೆತುಹೋಗುತ್ತೆ ಅಂದ್ರೆ ವಾಲಗ ಊದೋ ನಮ್ಮ ಮಾವ ಯಾವ ಲೆಕ್ಕ?

ಇಳಯರಾಜ ಅವರೇ ಹೆಸರು ಮಾಡೋ ಮುಂಚೆ ಜಿ.ಕೆ. ವೆಂಕಟೇಶ್ ಅವರ ಹತ್ತಿರ ಸಹಾಯಕರಾಗಿ ನಮ್ಮ ಕನ್ನಡ ಚಿತ್ರಗಳಿಗೆ ದುಡಿದವರು. ಹಿಂದಿನ ಸಾಲಲ್ಲಿ ಕೂತವರು ಯಾರು ಅಂತ ಬರೆದಿಡೋ ಅಭ್ಯಾಸ ನಮಗೆ ಇಲ್ಲವೇ ಇಲ್ಲ.

ನಾವೇನು ಮಾಡ್ತಿದೀವಿ? ನಮ್ಮ ಸಂಗೀತ ನಿರ್ದೇಶಕ ದೊಡ್ಡವನಾ ನಿಮ್ಮವನಾ ಅಂತ ಕಾಮೆಂಟಲ್ಲಿ ಕಚ್ಚಾಡ್ತೀವಿ. ಓಎಸ್‌ಟಿ ಬಂದ ದಿನ ಸ್ಕ್ರೀನ್‌ಶಾಟ್ ಸ್ಟೋರಿಗೆ ಹಾಕಿ, ಹೀರೋ ಎಂಟ್ರಿ ಟ್ರ್ಯಾಕ್ ಒಂದು ಕೇಳಿ ಮುಗಿಸ್ತೀವಿ. ಉಳಿದ ಟ್ರ್ಯಾಕ್‌ಗಳ ಕೆಳಗಿನ ಸಂಖ್ಯೆ ನೋಡಿ ಒಂದ್ಸಲ. "ಯಾರು ಕೇಳ್ತಾರೆ ಬಿಡ್ರಿ" ಅನ್ನೋರ ಕೈಗೆ ಸಾಕ್ಷಿ ಕೊಡ್ತಿರೋರು ನಾವೇ.

ಭಾಗ 7/7

ಉಪದೇಶ ಸಾಕು, ಕೆಲಸ ಹೇಳ್ತೀನಿ.

ಕೇಳೋದಾದ್ರೆ ಸರಿಯಾಗಿ ಕೇಳಿ. "ಓಎಸ್‌ಟಿ ಯಾವಾಗ" ಅಂತಲ್ಲ. "ಸೆಕೆಂಡ್ ಹಾಫ್‌ನಲ್ಲಿ ಅಮ್ಮ ಬಾಗಿಲು ಹಾಕೋ ದೃಶ್ಯದ ಸಂಗೀತ ಸೇರಿಸಿ. ಕೊಳಲು ನುಡಿಸಿದ್ದು ಯಾರು, ಹೆಸರು ಹಾಕಿ" ಅಂತ. ಸಂಗೀತ ನಿರ್ದೇಶಕರಿಗೆ ಮಾತ್ರ ಅಲ್ಲ, ನಿರ್ಮಾಣ ಸಂಸ್ಥೆಗೂ ಆಡಿಯೋ ಕಂಪನಿಗೂ ಟ್ಯಾಗ್ ಮಾಡಿ. ಬಿಡೋ ಅಧಿಕಾರ ಇರೋದು ಅವರ ಹತ್ತಿರ.

ಆಲ್ಬಮ್ ಬಂದ ಮೇಲೆ ರಿಪ್ ಡಿಲೀಟ್ ಮಾಡಿ. ಬಂದ ಮೇಲೂ ರಿಪ್ ಹಂಚೋನು ಅಭಿಮಾನಿ ಅಲ್ಲ, ಅವನಿಗೆ ಬೇಕಿರೋದು ಫಾಲೋವರ್ಸ್. ಆಲ್ಬಮ್ ಬಂದೇ ಇಲ್ಲ ಅಂದ್ರೆ ಕನಿಷ್ಠ ಸಿನಿಮಾದ ಹೆಸರು, ಸಂಯೋಜಕರ ಹೆಸರು ಬರೆಯಿರಿ. "ಮಾಸ್ ಬಿಜಿಎಂ ರಿಂಗ್‌ಟೋನ್" ಅಂತ ಹೆಸರಿಡೋದು ಬಿಡಿ.

ಮತ್ತೆ, ಬಂದಾಗ ಪೂರ್ತಿ ಕೇಳಿ. ಮೊದಲ ಟ್ರ್ಯಾಕಿಂದ ಕೊನೆಯದ್ದರವರೆಗೆ, ಒಂದ್ಸಲ. ಬಸ್ಸಲ್ಲಿ ಕಾಲೇಜಿಗೆ ಬರೋ ಹೊತ್ತಲ್ಲಿ ಮುಗಿಯುತ್ತೆ.

ಇದರಿಂದ ನಾಳೆ ಮಾವನ ಅಕೌಂಟಿಗೆ ದುಡ್ಡು ಬಂದು ಬೀಳಲ್ಲ, ನಂಗೊತ್ತು. ಒಂದು ಪ್ಲೇಗೆ ಸಿಗೋದು ಪೈಸೆ ಲೆಕ್ಕ, ಅದರಲ್ಲಿ ವಾದ್ಯದವರ ತನಕ ಎಷ್ಟು ತಲುಪುತ್ತೋ ದೇವರೇ ಬಲ್ಲ. ಆದ್ರೆ ಮಾವ ಕೇಳಿದ್ದು ದುಡ್ಡಲ್ಲ. "ನಂದೊಂದೇ ಕೇಳುತ್ತೇನಮ್ಮ?" ಅಂದ್ರು. ಯಾರ ಡೈಲಾಗೂ ಇಲ್ಲದೆ, ಶಿಳ್ಳೆ ಇಲ್ಲದೆ, ತಾನು ಊದಿದ್ದನ್ನ ತಾನು ಒಂದ್ಸಲ ಕೇಳ್ಬೇಕು ಅಷ್ಟೇ.

ಗ್ರೂಪಲ್ಲಿ ಲಿಂಕ್ ಹಾಕಿದೋನೇ, ನಿನ್ನ ಮೇಲೆ ಕೋಪ ಇಲ್ಲ. ನಿಂಗೆ ಬಿಜಿಎಂ ಎಷ್ಟು ಇಷ್ಟ ಅಂತ ಗೊತ್ತು. ನೀನು ಹಾಕಿದ್ದು ಕೇಳಿದೆ. ಇಪ್ಪತ್ತಾರನೇ ನಿಮಿಷದ ಹತ್ತಿರ ಶಿಳ್ಳೆ ಸದ್ದಿನ ಕೆಳಗೆ ಯಾರೋ ಶಹನಾಯಿ ನುಡಿಸಿದಾರೆ, ಗಮನಿಸಿದ್ಯಾ? ಯಾರದು ಅಂತ ಹುಡುಕೋಣ. ಸಿಕ್ರೆ ಹೆಸರು ಹಾಕೋಣ. ನಾಳೆ ಕ್ಯಾಂಟೀನಲ್ಲಿ ಸಿಗು, ಟೀ ನನ್ನ ಲೆಕ್ಕ.

ನಿಮ್ಮ ಮನೆಯಲ್ಲೂ ಸಿನಿಮಾಕ್ಕೆ ನುಡಿಸಿದವರು, ಹಿನ್ನೆಲೆಯಲ್ಲಿ ಕೋರಸ್ ಹಾಡಿದವರು ಇದ್ರೆ, ಅವರು ಒಪ್ಪಿದ್ರೆ, ಕಾಮೆಂಟಲ್ಲಿ ಬರೀರಿ. ಯಾವ ಸಿನಿಮಾ, ಯಾವ ದೃಶ್ಯ, ಯಾವ ವಾದ್ಯ ಅಂತ. ಕಂಪನಿ ಬರೆಯೋವರೆಗೆ ನಮ್ಮ ಲೆಡ್ಜರ್ ನಾವೇ ಬರೆಯೋಣ.

#ಹೆಸರುಹಾಕಿ #ಹಿನ್ನೆಲೆಸಂಗೀತ #ಓಎಸ್‌ಟಿಬಿಡಿ