ನಕ್ಷೆ ಹಂಚಿದವರು

ಡ್ಯಾನ್ ಸ್ಯಾಂಡಿನ್ ಓದಿದ್ದು ಭೌತಶಾಸ್ತ್ರ, ಮೇಷ್ಟರಾಗಿದ್ದು ಷಿಕಾಗೋದ ಇಲಿನಾಯ್ ವಿಶ್ವವಿದ್ಯಾಲಯದ ಕಲಾ ವಿಭಾಗದಲ್ಲಿ. 1971ರಿಂದ 1973ರವರೆಗೆ ಅವರು ಅಲ್ಲಿ ಒಂದು ವಿಡಿಯೋ ಯಂತ್ರ ಕಟ್ಟಿದರು. ಅದರ ಹೆಸರು ಇಮೇಜ್ ಪ್ರೊಸೆಸರ್. ಕಟ್ಟಿದ ಮೇಲೆ, ಕೇಳಿದವರಿಗೆಲ್ಲ ಅದರ ನಕ್ಷೆ ಕೊಟ್ಟುಬಿಟ್ಟರು. ವಿಡಿಯೋ ಕಲೆಯ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಈ ಕೊಡುಗೆ.

ಅದಕ್ಕೂ ಮೊದಲು ದಾರಿ ತೆಗೆದವರಿದ್ದರು. ಕೊರಿಯಾದಲ್ಲಿ ಹುಟ್ಟಿದ ನಾಮ್ ಜೂನ್ ಪೈಕ್ 1963ರಲ್ಲೇ ಜರ್ಮನಿಯ ವುಪ್ಪರ್ಟಾಲ್‌ನಲ್ಲಿ ಟಿ.ವಿ. ಪೆಟ್ಟಿಗೆಗಳ ಒಳಗೆ ಕೈಹಾಕಿ, ಕೆಡಿಸಿದ ಚಿತ್ರಗಳನ್ನು ಪ್ರದರ್ಶನಕ್ಕಿಟ್ಟಿದ್ದರು. ಮುಂದೆ ಜಪಾನಿನ ಎಂಜಿನಿಯರ್ ಶುಯಾ ಅಬೆ ಅವರೊಡನೆ ವಿಡಿಯೋ ಸಿಂಥಸೈಜರ್ ಕಟ್ಟಿ, 1970ರಲ್ಲಿ ಬಾಸ್ಟನ್ನಿನ ಡಬ್ಲ್ಯುಜಿಬಿಎಚ್ ಕೇಂದ್ರದಿಂದ ನಾಲ್ಕು ಗಂಟೆ ನೇರ ಪ್ರಸಾರ ಮಾಡಿದರು. ಮನೆಗೆ ಬಂದು ಬೀಳುವ ಚಿತ್ರವನ್ನು ಸುಮ್ಮನೆ ನೋಡುತ್ತ ಕೂರಬೇಕಿಲ್ಲ, ಅದನ್ನು ನುಡಿಸಬಹುದು ಎಂದು ತೋರಿಸಿಕೊಟ್ಟರು.

ಸ್ಯಾಂಡಿನ್ ಅವರ ಯಂತ್ರದ್ದೂ ಅದೇ ಹಂಬಲ. ಕ್ಯಾಮೆರಾ ಬೆಳಕನ್ನು ವೋಲ್ಟೇಜ್ ಮಾಡುತ್ತದೆ. ಬೆಳಕು ಹೆಚ್ಚಿದ್ದಲ್ಲಿ ವೋಲ್ಟೇಜೂ ಹೆಚ್ಚು. ಯಂತ್ರದಲ್ಲಿ ಸಾಲಾಗಿ ಜೋಡಿಸಿದ ಪುಟ್ಟ ಪೆಟ್ಟಿಗೆಗಳಿಗೆ ಒಂದೊಂದು ಕೆಲಸ. ಒಂದು, ಎರಡು ಚಿತ್ರಗಳನ್ನು ಬೆರೆಸುತ್ತದೆ. ಇನ್ನೊಂದು, ಬೆಳಕನ್ನು ಮಬ್ಬಿನಿಂದ ಪ್ರಖರದವರೆಗೆ ಮೆಟ್ಟಿಲು ಮೆಟ್ಟಿಲಾಗಿ ವಿಂಗಡಿಸುತ್ತದೆ. ಮತ್ತೊಂದು, ವೋಲ್ಟೇಜ್ ತಟ್ಟನೆ ಬದಲಾಗುವ ಜಾಗವನ್ನಷ್ಟೇ ಹಿಡಿಯುತ್ತದೆ. ಆಗ ಮುಖ ಮಾಯವಾಗಿ ಅದರ ಅಂಚುಗೆರೆ ಮಾತ್ರ ಉಳಿಯುತ್ತದೆ. ಕೊನೆಯ ಪೆಟ್ಟಿಗೆ ಬಣ್ಣ ತುಂಬುತ್ತದೆ. ಯಾವುದರಿಂದ ಯಾವುದಕ್ಕೆ ಕೇಬಲ್ ಸಿಕ್ಕಿಸಬೇಕೆಂಬುದು ಕಲಾವಿದರಿಗೆ ಬಿಟ್ಟದ್ದು. ಗುಂಡಿ ತಿರುಗಿಸಿದಂತೆ ಪರದೆಯ ಮೇಲೆ ಚಿತ್ರ ಆ ಕ್ಷಣವೇ ಬದಲಾಗುತ್ತಿತ್ತು.

ಷಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟ್ ಶಾಲೆಯಲ್ಲಿ ವಿಡಿಯೋ ಕಲಿಸುತ್ತಿದ್ದ ಫಿಲ್ ಮಾರ್ಟನ್ ತಮಗೂ ಅಂಥದ್ದೊಂದು ಬೇಕೆಂದರು. ಇಬ್ಬರೂ ಸೇರಿ ಸರ್ಕ್ಯೂಟ್ ನಕ್ಷೆಗಳು, ಬಿಡಿಭಾಗಗಳ ಪಟ್ಟಿ, ಜೋಡಿಸುವ ಕ್ರಮ ಎಲ್ಲವನ್ನೂ ಬರೆದಿಟ್ಟು ‘ಡಿಸ್ಟ್ರಿಬ್ಯೂಶನ್ ರಿಲಿಜನ್’ ಎಂದು ಹೆಸರಿಟ್ಟರು. ವ್ಯಕ್ತಿಗಳೂ ಲಾಭದ ಉದ್ದೇಶವಿಲ್ಲದ ಸಂಸ್ಥೆಗಳೂ ಪುಕ್ಕಟೆ ನಕಲು ಮಾಡಿಕೊಳ್ಳಬಹುದು, ಲಾಭಕ್ಕೆ ಮಾಡುವವರು ಮಾತ್ರ ಬಂದು ಮಾತಾಡಬೇಕು ಎಂಬುದು ಷರತ್ತು. ಹೀಗೆ ನಕಲು ಮಾಡಿಕೊಂಡವರಿಗೆ ಯಂತ್ರದ ಜೊತೆಗೆ ಅದರ ಒಳಮರ್ಮವೂ ದಕ್ಕಿತು. ತಾವೇ ಬೆಸುಗೆ ಹಾಕಿದ್ದನ್ನು ಕೆಟ್ಟಾಗ ರಿಪೇರಿ ಮಾಡುವುದೂ ತಿಳಿದಿರುತ್ತದಲ್ಲ.

ಆ ತಿಳಿವಳಿಕೆ ಇವತ್ತು ಎಷ್ಟು ಬೆಲೆಬಾಳುತ್ತದೆಂದು ಹಳೆಯ ವಿಡಿಯೋ ಕೃತಿಗಳನ್ನು ಕಾಯುವವರಿಗೆ ಗೊತ್ತು. ಅಂದಿನ ಎಷ್ಟೋ ಟೇಪುಗಳು ತೇವ ಹೀರಿ ಅಂಟಂಟಾಗಿವೆ. ಹದವಾದ ಶಾಖದಲ್ಲಿಟ್ಟು ಒಣಗಿಸಿ, ಅವಸರದಲ್ಲಿ ಪ್ರತಿ ತೆಗೆದುಕೊಳ್ಳಬೇಕು. ಪೈಕ್ 1965ರಲ್ಲಿ ಟಿ.ವಿ.ಯ ಮೇಲೆ ಭಾರೀ ಅಯಸ್ಕಾಂತ ಇಟ್ಟು ಮಾಡಿದ ಕೃತಿಗೆ ಪಿಕ್ಚರ್ ಟ್ಯೂಬೇ ಬೇಕು, ಇಂದಿನ ಚಪ್ಪಟೆ ಪರದೆಯ ಮುಂದೆ ಆ ಅಯಸ್ಕಾಂತದ ಆಟ ನಡೆಯದು. 1992ರಲ್ಲಿ ಸ್ಟೈನಾ ಮತ್ತು ವುಡಿ ವಾಸುಲ್ಕಾ ದಂಪತಿ ಆಸ್ಟ್ರಿಯಾದ ಲಿಂಟ್ಸ್‌ನಲ್ಲಿ ಇಂಥ ಯಂತ್ರಗಳನ್ನೇ ಒಟ್ಟುಗೂಡಿಸಿ ಪ್ರದರ್ಶನ ಏರ್ಪಡಿಸಿದ್ದು ಅದಕ್ಕೇ ದೊಡ್ಡ ಕೆಲಸ. ಟೇಪನ್ನು ಸಂಗ್ರಹಕ್ಕೆ ಸೇರಿಸಿ, ಅದನ್ನು ಹುಟ್ಟಿಸಿದ ಯಂತ್ರದ ನಕ್ಷೆಯನ್ನು ಕೈಬಿಡುವುದು ಅರ್ಧ ಕೃತಿಯನ್ನು ಹೊರಗಿಟ್ಟಂತೆ ಎಂದೇ ನನ್ನ ಗಟ್ಟಿ ಅಭಿಪ್ರಾಯ.

ಸ್ಯಾಂಡಿನ್ ಅವರ ನಕ್ಷೆ ಹಿಡಿದು ಈಗಲೂ ಹೊಸದಾಗಿ ಬೋರ್ಡ್ ಮಾಡಿಸಿ ಯಂತ್ರ ಕಟ್ಟುವವರಿದ್ದಾರೆ. ಐವತ್ತು ವರ್ಷದ ಹಿಂದಿನ ಬಿಡಿಭಾಗ ಸಿಗದ ಕಡೆ, ಅದೇ ಕೆಲಸ ಮಾಡುವ ಬದಲಿಯನ್ನು ಅವರೇ ಹುಡುಕಿ ಹಾಕುತ್ತಾರೆ.