ಮುಂಜಾನೆಯ ಒಂದು ತಾಸು

ಕನ್ನಡದಲ್ಲಿ ‘ಓಡು’ ಎಂಬ ಕ್ರಿಯಾಪದಕ್ಕೆ ಲಿಂಗಭೇದದಿಂದ ಅರ್ಥಭೇದವೂ ಉಂಟೆಂದು ಯಾವ ವ್ಯಾಕರಣವೂ ಹೇಳುವುದಿಲ್ಲ. ಆದರೆ ಉಂಟು. ಗಂಡಸು ಓಡಿದನೆಂದರೆ ಎಷ್ಟು ದೂರ, ಎಷ್ಟು ಹೊತ್ತಿನಲ್ಲಿ ಎಂದು ಕೇಳುತ್ತೇವೆ. ಹೆಂಗಸು ಓಡಿದಳೆಂದರೆ ಯಾರ ಜೊತೆಗೆ ಎಂದು ಕೇಳುತ್ತೇವೆ. ಇಪ್ಪತ್ತು ವರ್ಷ ಕನ್ನಡ ಪಾಠ ಹೇಳಿದ ನನಗೆ ಈ ಸೂಕ್ಷ್ಮ ತಿಳಿದದ್ದು ಪುಸ್ತಕದಿಂದಲ್ಲ, ಗೋಕಾಕದಿಂದ ಜಲಪಾತದ ಕಡೆಗೆ ಹೋಗುವ ರಸ್ತೆಯ ಮೇಲೆ. ನಾಲ್ಕು ವರ್ಷಗಳಿಂದ, ವಾರಕ್ಕೆ ನಾಲ್ಕು ದಿನ, ಬೆಳಗಿನ ಐದೂವರೆಗೆ ನಾನು ಆ ರಸ್ತೆಯಲ್ಲಿ ಓಡುತ್ತೇನೆ. ಮೊದಮೊದಲು ಹಾಲಿನವರು ಸೈಕಲ್ ನಿಲ್ಲಿಸಿ, “ಯಾಕ್ರೀ ಅಕ್ಕಾರ, ಬಸ್ ತಪ್ಪಿತೇನ್ರಿ?” ಎನ್ನುತ್ತಿದ್ದರು. ಇನ್ನು ಕೆಲವರು, “ಮನ್ಯಾಗ ಎಲ್ಲಾರೂ ಆರಾಮ ಅದಾರಲ್ರೀ?” ಎಂದು ಗಾಬರಿಯಿಂದ ವಿಚಾರಿಸುತ್ತಿದ್ದರು. ಹೆಂಗಸು ಓಡಬೇಕಾದರೆ ಒಂದೋ ಬಸ್ಸು ತಪ್ಪಿರಬೇಕು, ಇಲ್ಲವೇ ಮನೆಯಲ್ಲಿ ಯಾರಿಗೋ ಹೆಚ್ಚುಕಡಿಮೆ ಆಗಿರಬೇಕು. ಓಡಬೇಕೆಂಬ ಮನಸ್ಸಿನಿಂದಲೇ ಅವಳು ಓಡುತ್ತಿರಬಹುದೆಂದು ಯಾರಿಗೂ ತೋಚುವುದಿಲ್ಲ.

ಈ ಪ್ರಶ್ನೆಗಳಲ್ಲಿ ಕೇಡಿರಲಿಲ್ಲ. ಹದಿನೈದು ದಿನ ಕೇಳಿದರು, ಆಮೇಲೆ ಕೈಯೆತ್ತಿ ನಮಸ್ಕಾರ ಹೇಳಿ ಮುಂದೆ ಹೋಗತೊಡಗಿದರು. ನನ್ನ ತಕರಾರು ಅವರ ಮೇಲಲ್ಲ, ಓದಿದವರ ಮೇಲೆ. ನಮ್ಮ ಸೀಮೆಯ ವಿದ್ಯಾವಂತ ಮಹನೀಯರಲ್ಲಿ ಒಂದು ಮಾತು ಬಹುಕಾಲದಿಂದ ಬಳಕೆಯಲ್ಲಿದೆ: ಹೆಣ್ಣುಮಕ್ಕಳಿಗೆ ಮನೆಗೆಲಸವೇ ವ್ಯಾಯಾಮ, ಹಿಂದಿನವರು ಬೀಸುತ್ತಿದ್ದರು, ಕುಟ್ಟುತ್ತಿದ್ದರು, ನೀರು ಹೊರುತ್ತಿದ್ದರು, ಅವರಿಗೆ ಯಾವ ರೋಗವಿತ್ತು? ಸಭೆಯಲ್ಲಿ ಈ ಮಾತಿಗೆ ಚಪ್ಪಾಳೆ ಬೀಳುತ್ತದೆ, ಹೆಂಗಸರ ಸಾಲಿನಿಂದಲೂ ಬೀಳುತ್ತದೆ. ಈ ಮಾತು ಎಷ್ಟು ಟೊಳ್ಳೆಂಬುದನ್ನು ತುಸು ಬಿಡಿಸಿ ಹೇಳಬೇಕೆಂದೇ ಈ ಲೇಖನ.

ಹಿಂದಿನವರಿಗೆ ರೋಗವಿರಲಿಲ್ಲವೆಂಬುದಕ್ಕೆ ಸಾಕ್ಷಿ ಯಾರು? ಬೀಸಿದ ತೋಳು ನೋಯುತ್ತದೆಂದು ಹೇಳಿಕೊಳ್ಳುವ ರೂಢಿ ಇರಲಿಲ್ಲ, ಹೇಳಿದರೂ ಬರೆದಿಟ್ಟುಕೊಳ್ಳುವವರಿರಲಿಲ್ಲ. ಇರಲಿ. ಮುಖ್ಯವಾದ ಸಂಗತಿ ಬೇರೆ. ಶ್ರಮವೇ ಬೇರೆ, ವ್ಯಾಯಾಮವೇ ಬೇರೆ. ವ್ಯಾಯಾಮಕ್ಕೆ ಆರಂಭವುಂಟು, ಕೊನೆಯುಂಟು, ಕೊನೆಯಾದ ಮೇಲೆ ವಿಶ್ರಾಂತಿಯುಂಟು. ಓಟದ ಅಭ್ಯಾಸ ಮಾಡಿದವರೆಲ್ಲ ಬಲ್ಲರು: ಮೈ ಬಲಿಯುವುದು ಓಡುವಾಗಲಲ್ಲ, ಓಡಿ ಬಂದು ಉಂಡು ಮಲಗಿದಾಗ. ದಣಿದ ಸ್ನಾಯು ದುರಸ್ತಿಯಾಗುತ್ತ ಮೊದಲಿಗಿಂತ ತುಸು ಗಟ್ಟಿಯಾಗುತ್ತದೆ. ಹೃದಯ ಒಂದೊಂದು ಬಡಿತಕ್ಕೆ ಹೆಚ್ಚು ರಕ್ತವನ್ನು ನೂಕುತ್ತದೆ. ಆದಕಾರಣ ಸುಮ್ಮನೆ ಕುಳಿತಾಗ ನಾಡಿ ನಿಧಾನವಾಗುತ್ತದೆ. ಪಾದ ನೆಲಕ್ಕೆ ತಟ್ಟಿದ ಪೆಟ್ಟಿನಿಂದ ಎಲುಬು ಬಿಗಿಯಾಗುತ್ತದೆ. ಮುಟ್ಟು ನಿಂತ ಮೇಲೆ ಎಲುಬು ಬೇಗ ಬೇಗ ಸವೆಯುವ ಹೆಂಗಸಿಗೆ ಇದು ಸಣ್ಣ ಲಾಭವಲ್ಲ. ನನ್ನ ವಾರದ ಲೆಕ್ಕ ಹೀಗಿದೆ: ಮಂಗಳವಾರ ಮತ್ತು ಗುರುವಾರ ಐದೈದು ಕಿಲೋಮೀಟರು, ಜೊತೆಗಿದ್ದವರೊಡನೆ ಮಾತಾಡಬಹುದಾದಷ್ಟು ನಿಧಾನ, ಶುಕ್ರವಾರ ಒಂದು ಏರಿನಲ್ಲಿ ಆರು ಸಲ ಹತ್ತಿ ಇಳಿಯುವುದು, ರವಿವಾರ ಜಲಪಾತದ ವರೆಗೆ ಹೋಗಿ ಬರುವುದು, ಸುಮಾರು ಹನ್ನೆರಡು ಕಿಲೋಮೀಟರು. ಉಳಿದ ಮೂರು ದಿನ ಬಿಡುವು. ಆ ಬಿಡುವೂ ಅಭ್ಯಾಸದ ಭಾಗವೇ.

ಇನ್ನು ಮನೆಗೆಲಸಕ್ಕೆ ಬನ್ನಿ. ಅದಕ್ಕೆ ವಾರಕ್ಕೆ ಮೂರು ದಿನ ಬಿಡುವು ಕೊಟ್ಟ ಮನೆ ಯಾವ ಓಣಿಯಲ್ಲಿದೆ? ರೊಟ್ಟಿ ಬಡಿಯುವ ಭುಜ ನಿನ್ನೆ ಬಡಿದದ್ದೇ, ನಾಳೆ ಬಡಿಯಬೇಕಾದದ್ದೇ. ಬಾಗಿದ ಸೊಂಟ ಬಾಗಿಯೇ ಇರಬೇಕು. 2019ರಲ್ಲಿ ಕೇಂದ್ರ ಸರ್ಕಾರದ ಅಂಕಿಸಂಖ್ಯಾ ಕಚೇರಿ ದೇಶದ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂದು ಸಮೀಕ್ಷೆ ನಡೆಸಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸು ದಿನಕ್ಕೆ ಸರಾಸರಿ 299 ನಿಮಿಷ, ಅಂದರೆ ಐದು ತಾಸಿಗೆ ಒಂದು ನಿಮಿಷ ಕಡಿಮೆ, ಅದಕ್ಕೆ ಕೊಡುತ್ತಾಳೆ. ಗಂಡಸು 97 ನಿಮಿಷ. ಅದೂ ಆ ಕೆಲಸಕ್ಕೆ ಕೈಹಚ್ಚಿದ ಗಂಡಸರ ಸರಾಸರಿ. ನಾಲ್ವರಲ್ಲಿ ಸುಮಾರು ಮೂವರು ಕೈಹಚ್ಚುವುದೇ ಇಲ್ಲ. ಮನೆಗೆಲಸ ಅಷ್ಟೊಂದು ಆರೋಗ್ಯಕರವಾದ ವ್ಯಾಯಾಮವಾಗಿದ್ದರೆ, ಆರೋಗ್ಯದ ಬಗ್ಗೆ ಇಷ್ಟು ಭಾಷಣ ಮಾಡುವ ಮಹನೀಯರು ಅದನ್ನು ನಮಗೇ ಬಿಟ್ಟುಕೊಟ್ಟ ಔದಾರ್ಯಕ್ಕೆ ಏನೆನ್ನಬೇಕು?

ಎರಡನೆಯ ವಾದ, ಹೆಣ್ಣಿನ ಮೈಗೆ ದೂರದ ಓಟ ತಾಳುವುದಿಲ್ಲವೆಂಬುದು. ಇದು ನಮ್ಮ ಸೀಮೆಯಲ್ಲಿ ಹುಟ್ಟಿದ್ದಲ್ಲ. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸಿನಲ್ಲಿ ಮೊದಲ ಸಲ ಹೆಂಗಸರಿಗೆ 800 ಮೀಟರಿನ ಓಟ ಇಟ್ಟರು. ಅಂತಿಮ ಓಟದಲ್ಲಿ ಓಡಿದ ಒಂಬತ್ತೂ ಜನ ಗುರಿ ಮುಟ್ಟಿದರು. ಆದರೆ ಹೆಂಗಸರು ದಾರಿಯಲ್ಲೇ ಕುಸಿದುಬಿದ್ದರೆಂದು ಪತ್ರಿಕೆಗಳು ಬರೆದವು. ಆ ಬರಹದ ಬಲದ ಮೇಲೆ ಆ ಓಟವನ್ನೇ ತೆಗೆದುಹಾಕಿದರು. ಅದು ಮರಳಿ ಬಂದದ್ದು 1960ರಲ್ಲಿ, ರೋಮಿನಲ್ಲಿ. ಓಡಿ ದಣಿದ ಗಂಡಸು ನೆಲಕ್ಕೆ ಒರಗಿದರೆ ವೀರ, ಹೆಂಗಸು ಒರಗಿದರೆ ಅಬಲೆ ಎಂಬ ನ್ಯಾಯ ಮೂವತ್ತೆರಡು ವರ್ಷ ನಡೆಯಿತು. 1967ರಲ್ಲಿ ಬಾಸ್ಟನ್ ಮ್ಯಾರಥಾನಿನಲ್ಲಿ ಕ್ಯಾಥರಿನ್ ಸ್ವಿಟ್ಜರ್ ಎಂಬ ತರುಣಿ ಓಡುತ್ತಿರುವಾಗ ವ್ಯವಸ್ಥಾಪಕನೊಬ್ಬ ಬೆನ್ನಟ್ಟಿ ಬಂದು ಅವಳ ಅಂಗಿಯ ಮೇಲಿನ ನಂಬರನ್ನು ಕಿತ್ತುಕೊಳ್ಳಲು ಹವಣಿಸಿದ. ಅವಳು ಓಟವನ್ನು ಪೂರ್ತಿ ಮುಗಿಸಿದಳು. ಒಲಿಂಪಿಕ್ಸಿನಲ್ಲಿ ಹೆಂಗಸರ ಮ್ಯಾರಥಾನ್ ಬಂದದ್ದು 1984ರಲ್ಲಿ. ಅಂದು ಗೆದ್ದ ಜೋನ್ ಬೆನಾಯ್ಟ್ ತೆಗೆದುಕೊಂಡದ್ದು 2 ತಾಸು 24 ನಿಮಿಷ 52 ಸೆಕೆಂಡು. 1948ರ ವರೆಗಿನ ಯಾವ ಒಲಿಂಪಿಕ್ ಮ್ಯಾರಥಾನ್ ವಿಜೇತನೂ ಅಷ್ಟು ಬೇಗ ಗುರಿ ಮುಟ್ಟಿರಲಿಲ್ಲ. ಮೈ ತಾಳುವುದಿಲ್ಲವೆಂಬ ವಾದಕ್ಕೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಿಲ್ಲ.

ಓಟ ನಮ್ಮ ಮಣ್ಣಿನದಲ್ಲ, ದೊಡ್ಡ ನಗರಗಳ ಶೋಕಿ ಎನ್ನುವವರೂ ಇದ್ದಾರೆ. ಅವರು ನಮ್ಮ ಜಿಲ್ಲೆಯ ಚರಿತ್ರೆಯನ್ನೇ ಮರೆತವರು. 1920ರಲ್ಲಿ ಆಂಟ್‌ವರ್ಪ್ ಒಲಿಂಪಿಕ್ಸಿಗೆ ಇಲ್ಲಿಂದ ಹೋದ ಚಿಕ್ಕ ತಂಡದಲ್ಲಿ ಬೆಳಗಾವಿಯ ಪಡೆಪ್ಪ ದರೆಪ್ಪ ಚೌಗುಲೆ ಇದ್ದರು. ಅದಕ್ಕೆ ಹಿಂದಿನ ವರ್ಷ ಪುಣೆಯ ಡೆಕ್ಕನ್ ಜಿಮಖಾನಾದ ಸ್ಪರ್ಧೆಗಳಲ್ಲಿ ಬರಿಗಾಲಿನ ರೈತ ಹುಡುಗರು ಓಡಿದ್ದನ್ನು ನೋಡಿ ಬೆರಗಾದ ದೊರಾಬ್ಜಿ ಟಾಟಾ ಅವರೇ ಆ ತಂಡ ಹೋಗಲು ಮುಂದಾಳತ್ವ ವಹಿಸಿದವರು. ಆ ಸಲದ ಮ್ಯಾರಥಾನ್ ಒಲಿಂಪಿಕ್ಸಿನಲ್ಲೇ ಅತಿ ಉದ್ದದ್ದು, 42 ಕಿಲೋಮೀಟರು 750 ಮೀಟರು. ಚೌಗುಲೆ ಅದನ್ನು 2 ತಾಸು 50 ನಿಮಿಷ 45 ಸೆಕೆಂಡಿನಲ್ಲಿ ಮುಗಿಸಿ ಹತ್ತೊಂಬತ್ತನೆಯವರಾದರು. ಈ ಹೆಸರನ್ನು ನನ್ನ ತರಗತಿಯಲ್ಲಿ ಕೇಳಿದರೆ ಅರವತ್ತು ಹುಡುಗರಲ್ಲಿ ಒಬ್ಬನೂ ಕೈಯೆತ್ತುವುದಿಲ್ಲ. ಅದು ಬೇರೆ ದುಃಖ. ಇಲ್ಲಿ ನಾನು ಕೇಳುವುದು ಇಷ್ಟೇ: ಬರಿಗಾಲಿನಲ್ಲಿ ಹೊಲದ ದಾರಿ ತುಳಿದು ಬೆಳೆದ ಹುಡುಗರು ಓಡಬಲ್ಲರಾದರೆ, ಅದೇ ಹೊಲಕ್ಕೆ ಬುತ್ತಿ ಹೊತ್ತು ನಡೆದ ಅವರ ಅಕ್ಕತಂಗಿಯರ ಕಾಲಿನಲ್ಲಿ ಏನು ಕಡಿಮೆಯಿತ್ತು? ಏನೂ ಇರಲಿಲ್ಲ. ಅವರಿಗೆ ಓಡಲು ಹೊತ್ತಿರಲಿಲ್ಲ, ಓಡಿದರೆ ನೋಡುವವರಿರಲಿಲ್ಲ. ಆ ಒಲಿಂಪಿಕ್ಸಿನಲ್ಲಿ ಹೆಂಗಸರಿಗೆ ಒಂದು ಓಟವೂ ಇರಲಿಲ್ಲ.

ನೂರು ವರ್ಷ ಕಳೆದವು. ಈಗ ನಮ್ಮ ಸೀಮೆಯಲ್ಲೂ ಓಟದ ಸ್ಪರ್ಧೆಗಳು ನಡೆಯುತ್ತವೆ. ಜಾತ್ರೆಗೆ ಒಂದು, ರಾಜ್ಯೋತ್ಸವಕ್ಕೆ ಒಂದು, ಯಾರದೋ ಹುಟ್ಟುಹಬ್ಬಕ್ಕೆ ಒಂದು. ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರು ತಾಲೂಕುಗಳಲ್ಲಿ ಎಲ್ಲಿ ಓಟವಿದ್ದರೂ ನಾನು ಹೋಗಬಯಸುತ್ತೇನೆ. 2023ರ ಜೂನಿನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿನ ಖರ್ಚೂ ಇಲ್ಲ. ಆದರೆ ಓಟ ಆರೂವರೆಗೆ, ಮೊದಲ ಬಸ್ಸು ಮುಟ್ಟುವುದು ಏಳಕ್ಕೆ. ಒಂದು ಊರಿನಲ್ಲಿ ಕಂಡದ್ದನ್ನು ಊರಿನ ಹೆಸರು ಬಿಟ್ಟು ಹೇಳುತ್ತೇನೆ. ಗಂಡಸರಿಗೆ ಹತ್ತು ಕಿಲೋಮೀಟರು, ನಮಗೆ ಐದು. ಗಂಡಸರನ್ನು ತಂಪು ಹೊತ್ತಿನಲ್ಲಿ ಬಿಟ್ಟರು; ನಮ್ಮನ್ನು ಮುಖ್ಯ ಅತಿಥಿಗಳು ಬಂದು, ಸ್ತ್ರೀಶಕ್ತಿಯ ಮೇಲೆ ಭಾಷಣ ಮುಗಿಸಿ, ಬಿಸಿಲೇರಿದ ಮೇಲೆ ಬಿಟ್ಟರು. ಗೆದ್ದ ಗಂಡಸಿಗೆ ನಗದು ಬಹುಮಾನ, ಗೆದ್ದ ಹೆಂಗಸಿಗೆ ಕುಕ್ಕರು. ಅಡಿಗೆಮನೆಯಿಂದ ಐದು ಕಿಲೋಮೀಟರು ದೂರ ಓಡಿ ಬಂದವಳನ್ನು ಸನ್ಮಾನಪೂರ್ವಕ ಅಲ್ಲಿಗೇ ತಿರುಗಿ ಕಳಿಸುವ ಏರ್ಪಾಡು!

ಇದಕ್ಕಿಂತ ನನ್ನನ್ನು ಕಾಡಿದ್ದು ಇನ್ನೊಂದು. ಅಂದು ಸಾಲಿನಲ್ಲಿ ನಿಂತ ಹೆಂಗಸರು ಹನ್ನೊಂದು ಜನ. ಎಂಟು ಜನ ಹೈಸ್ಕೂಲು, ಕಾಲೇಜಿನ ಹುಡುಗಿಯರು; ಮೂವರು ನಲವತ್ತು ದಾಟಿದವರು. ನಡುವಿನ ವಯಸ್ಸಿನವರು ಒಬ್ಬರೂ ಇಲ್ಲ. ಇಪ್ಪತ್ತೆರಡಕ್ಕೂ ನಲವತ್ತಕ್ಕೂ ನಡುವಣ ಹದಿನೆಂಟು ವರ್ಷ ನಮ್ಮ ಹೆಣ್ಣುಮಕ್ಕಳು ಎಲ್ಲಿರುತ್ತಾರೆ? ನನ್ನ ವಿದ್ಯಾರ್ಥಿನಿಯೊಬ್ಬಳು, ಮೂಡಲಗಿ ಕಡೆಯವಳು, ಕಾಲೇಜಿನ ಕ್ರೀಡಾಕೂಟದಲ್ಲಿ ಎಲ್ಲರಿಗಿಂತ ಮುಂದೆ ಓಡುತ್ತಿದ್ದಳು. ಪೊಲೀಸ್ ಭರ್ತಿಗೆ ಓಟದ ಪರೀಕ್ಷೆ ಇದೆಯೆಂದು ಅವಳ ತಂದೆಯೇ ಬೆಳಗಿನ ಜಾವ ಬೈಕಿನ ಬೆಳಕು ಹಿಡಿದು ಅವಳ ಹಿಂದೆ ಬರುತ್ತಿದ್ದ. ನೌಕರಿ ಸಿಗಲಿಲ್ಲ, ಮದುವೆಯಾಯಿತು, ಬೂಟು ಅಟ್ಟ ಸೇರಿತು. ಸಂಬಳಕ್ಕಾಗಿ ಓಡುವ ಮಗಳ ಹಿಂದೆ ಬೈಕು ಬರುತ್ತದೆ. ತನಗಾಗಿ ಓಡುವ ಸೊಸೆಯ ಹಿಂದೆ ಮಾತು ಬರುತ್ತದೆ. ಊರಿನ ವೃತ್ತದಲ್ಲಿ ಕುದುರೆಯೇರಿದ ಕಿತ್ತೂರು ಚೆನ್ನಮ್ಮನಿಗೆ ವರ್ಷಕ್ಕೊಮ್ಮೆ ಮಾಲೆ ಹಾಕುವವರು ಇವರೇ ಎಂಬುದನ್ನು ನೆನೆದರೆ ನಗು ಬರುತ್ತದೆ.

ಇಲ್ಲಿ ಒಂದು ನ್ಯಾಯವಾದ ಆಕ್ಷೇಪವಿದೆ. ಅದನ್ನು ತಪ್ಪಿಸಿಕೊಂಡು ಹೋಗಲಾರೆ. “ನೀವು ಸಂಬಳದವರು, ಓಡುತ್ತೀರಿ. ದಿನವಿಡೀ ಕಬ್ಬು ಕಡಿಯುವವಳಿಗೆ ಓಟ ಬೇಕೇ?” ಬೇಡ. ಅವಳಿಗೆ ಬೇಕಾದದ್ದು ನಿದ್ದೆ. ಆದರೆ ಕಬ್ಬು ಕಡಿದು ಮನೆಗೆ ಬಂದ ಗಂಡ ಕಟ್ಟೆಯ ಮೇಲೆ ಕುಳಿತಾಗ, ಅದೇ ಕಬ್ಬನ್ನು ಕಡಿದ ಅವಳು ಒಲೆಯ ಮುಂದೆ ಕೂಡುತ್ತಾಳೆ. ನಾನು ಕೇಳುವ ತಾಸೇ ಅವಳಿಗೂ ಸಲ್ಲಬೇಕಾದ ತಾಸು. ಅದರಲ್ಲಿ ಓಡಬೇಕೋ, ಮಲಗಬೇಕೋ, ಗೆಳತಿಯ ಮನೆಗೆ ಹೋಗಿ ಹರಟಬೇಕೋ ಎಂಬುದು ಅವಳ ಇಚ್ಛೆ. ವಾದವಿರುವುದು ಕಾಲಿನ ಬಗ್ಗೆಯಲ್ಲ, ತಾಸಿನ ಬಗ್ಗೆ. ನಸುಕಿನಲ್ಲಿ ಓಡುವ ಗಂಡಸು ಮನೆಗೆ ಬರುವಷ್ಟರಲ್ಲಿ ಚಹಾ ಸಿದ್ಧವಿರುತ್ತದೆ, ಮಕ್ಕಳ ಡಬ್ಬಿ ತುಂಬಿರುತ್ತದೆ. ಅವನ ತಾಸನ್ನು ಇನ್ನೊಬ್ಬರು ತಮ್ಮ ತಾಸಿನಿಂದ ಕಡಿದು ಕೊಟ್ಟಿರುತ್ತಾರೆ. ಹೆಂಗಸಿಗೆ ಹಾಗೆ ಕಡಿದು ಕೊಡುವವರು ಯಾರು?

ಕೊಡಬಲ್ಲರು ಎಂಬುದಕ್ಕೆ ನಮ್ಮ ಮನೆಯನ್ನೇ ಉದಾಹರಿಸುತ್ತೇನೆ. ಅದೇನೂ ಆದರ್ಶ ಸಂಸಾರವಲ್ಲ, ಎಲ್ಲರ ಮನೆಯಂಥದ್ದೇ. ನಾನು ಓಡುವ ದಿನ ಮಕ್ಕಳ ಡಬ್ಬಿ ನಮ್ಮವರ ಪಾಲು. ಮೊದಲ ತಿಂಗಳು ಮಗ ದಿನಾಲೂ ಅವಲಕ್ಕಿ ತಿಂದ. ಎರಡನೆಯ ತಿಂಗಳು ಉಪ್ಪಿಟ್ಟು ಬಂತು. ವಾರಕ್ಕೆ ಎರಡು ದಿನ ರೊಟ್ಟಿ, ಬಡಿದು ಮಾರುವವರ ಮನೆಯಿಂದ ಬರುತ್ತದೆ. ಎಣಿಸಿ ದುಡ್ಡು ಕೊಡುವಾಗ ರೊಟ್ಟಿಗೆ ಬೆಲೆಯಿದೆಯೆಂಬುದು ಮನೆಮಂದಿಗೆಲ್ಲ ತಿಳಿಯಿತು. ಅತ್ತೆಯವರು ವಿರೋಧಿಸಬಹುದೆಂದು ನೆರೆಯವರು ಕಾದರು. ಅವರು ಹೇಳಿದ್ದು: “ನಾ ಓಡೂ ವಯಸ್ಸಿನ್ಯಾಗ ಬಾವಿ ಸೇದಿದೆ. ನೀ ಓಡವಾ, ಚಾ ನಾ ಇಡ್ತೀನಿ.” ಇನ್ನೊಂದು ಬದಲಾವಣೆಯೂ ಆಯಿತು. ಓಡುವವಳು ಹೊಟ್ಟೆತುಂಬ ಉಣ್ಣಲೇಬೇಕು, ಹೊತ್ತಿಗೆ ಸರಿಯಾಗಿ ಉಣ್ಣಬೇಕು. ಎಲ್ಲರದಾದ ಮೇಲೆ ಉಳಿದದ್ದನ್ನು ಉಣ್ಣುವ ಪದ್ಧತಿ ನಮ್ಮ ಮನೆಯಲ್ಲಿ ಗದ್ದಲವಿಲ್ಲದೆ ನಿಂತಿತು. ಈಗ ಎಲ್ಲರೂ ಒಟ್ಟಿಗೆ ಕೂಡುತ್ತೇವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಜನರಿಗೆ ರಕ್ತಹೀನತೆ ಇದೆ. ಮನೆಗೆಲಸದ ವ್ಯಾಯಾಮವನ್ನು ಹೊಗಳುವ ಮಹನೀಯರು ಈ ಅಂಕಿಯನ್ನೂ ಒಮ್ಮೆ ತಮ್ಮ ಭಾಷಣದಲ್ಲಿ ಸೇರಿಸಿಕೊಳ್ಳಲಿ.

ಆದರೆ ಮನೆ ತಿದ್ದಿಕೊಂಡರೆ ಸಾಲದು, ಊರೂ ತಿದ್ದಿಕೊಳ್ಳಬೇಕು. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಹೂಡಿದ ಟ್ರ್ಯಾಕ್ಟರುಗಳು ಹಿಂದೆ ಕೆಂಪು ದೀಪವಿಲ್ಲದೆ ಕತ್ತಲಲ್ಲಿ ಸಾಗುತ್ತವೆ. ಆ ನಾಲ್ಕು ತಿಂಗಳು ನಾನು ರಸ್ತೆ ಬಿಟ್ಟು ಓಣಿಗಳಲ್ಲಿ ಸುತ್ತುತ್ತೇನೆ, ನಾಯಿಗಳೂ ನನ್ನ ಜೊತೆಗೆ ಅಭ್ಯಾಸ ಮಾಡುತ್ತವೆ. ಮೈದಾನಗಳಿಲ್ಲದೆ ಇಲ್ಲ, ಹೈಸ್ಕೂಲಿಗೆ ಒಂದು, ಕಾಲೇಜಿಗೆ ಒಂದು ಇವೆ. ಹಲವಕ್ಕೆ ಶಾಲೆಯ ಹೊತ್ತು ಬಿಟ್ಟರೆ ಬೀಗ. ತಾಲೂಕಿಗೊಂದು ಮೈದಾನದ ಬೀಗವನ್ನು ಬೆಳಗಿನ ಐದರಿಂದ ಏಳರ ವರೆಗೆ ತೆಗೆಯಲು ಯಾವ ಅನುದಾನವೂ ಬೇಕಾಗಿಲ್ಲ. ಒಂದು ಕೀಲಿಕೈ ಸಾಕು. ಅಲ್ಲಿ ಒಂದು ದೀಪ, ಹೆಂಗಸರಿಗೊಂದು ಶೌಚಾಲಯ ಇರಲಿ. ಓಟ ನಡೆಸುವವರು ಹೆಂಗಸರಿಗೂ ಗಂಡಸರಷ್ಟೇ ದೂರ ಇಡಲಿ. ವಿಶ್ವ ಕ್ರಾಸ್‌ಕಂಟ್ರಿ ಸ್ಪರ್ಧೆಯಲ್ಲಿ 2017ರಿಂದಲೇ ಹಿರಿಯರ ವಿಭಾಗದಲ್ಲಿ ಇಬ್ಬರಿಗೂ ಹತ್ತೇ ಕಿಲೋಮೀಟರು. ಬಹುಮಾನವೂ ಸಮನಾಗಿರಲಿ, ನಗದೇ ಇರಲಿ. ಮೊದಲ ಬಸ್ಸು ಬಂದ ಮೇಲೆ ಓಟ ಆರಂಭವಾಗಲಿ, ಭಾಷಣ ಓಟ ಮುಗಿದ ಮೇಲಾಗಲಿ. ಕೇಳುವವರು ಉಳಿದರೆ ಕೇಳುತ್ತಾರೆ.

ಈ ಪತ್ರಿಕೆಯನ್ನು ರವಿವಾರ ಬೆಳಿಗ್ಗೆ ಮೊದಲು ಕೈಗೆತ್ತಿಕೊಳ್ಳುವವರು ಬಹುತೇಕ ಮನೆಗಳಲ್ಲಿ ಗಂಡಸರೇ. ಅವರಲ್ಲಿ ನನ್ನದೊಂದು ವಿನಂತಿ. ಇದನ್ನು ಓದಿ ಮೆಚ್ಚಬೇಕಾಗಿಲ್ಲ, ಉತ್ತರ ಬರೆಯಬೇಕಾಗಿಯೂ ಇಲ್ಲ. ನೀವು ಓದುತ್ತಿರುವ ಈ ಹೊತ್ತಿನಲ್ಲಿ ನಿಮ್ಮ ಮನೆಯ ಹೆಂಗಸು ಏನು ಮಾಡುತ್ತಿದ್ದಾಳೆಂದು ಎದ್ದು ಹೋಗಿ ನೋಡಿರಿ. ನೋಡಿ, ಅವಳ ಕೈಯಲ್ಲಿದ್ದುದನ್ನು ಇಸಿದುಕೊಳ್ಳಿರಿ.